ನಿಸ್ತಂತು ಪಿಟೀಲು

ನಮ್ಮ ಕಟ್ಟಡವು ಕಳೆದ ತಿಂಗಳಿನಿಂದ ಸಂಪೂರ್ಣ ನಿಸ್ತಂತು ಕಟ್ಟಡವಾಗಿದೆ ಎಂಬ ಸಂಗತಿಯನ್ನು ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು ಈ ಮೂಲಕ ಎಲ್ಲರ ಅವಗಾಹನೆಗೆ ತರುತ್ತಿದ್ದೇನೆ. ಈ ಕಾರ್ಯದಲ್ಲಿ ನನ್ನ ಅಕ್ಕ ಅತ್ತಳೆಂದು ಗುಲ್ಲೆದ್ದಿದೆ. ಅತ್ತದ್ದು ನಿಜ. ಆದರೆ ಅವಳು ಅತ್ತಿದ್ದರಿಂದ ಕೆಲಸಕ್ಕೆ ಯಾವ ಅಡಚಣೆಯೂ ಆಗಲಿಲ್ಲ.

ಅಕ್ಕ ಪಿಟೀಲು ವಾದಕಿ. ಪರಊರಿನ ಸಂಗೀತ ಶಾಲೆಯೊಂದರಲ್ಲಿ ಮೇಷ್ಟರಾಗಬೇಕೆಂಬುದು ಅವಳ ಜೀವಮಾನದ ಆಸೆ. ವಯಸ್ಸಿನ ಮಿತಿ ಇದೇ ವರ್ಷಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಶಾಲೆಯವರು ಸಂದರ್ಶನಕ್ಕೆ ಕರೆದರು: ಅಭ್ಯರ್ಥಿಗಳು ತಂತಮ್ಮ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ನುಡಿಸತಕ್ಕದ್ದು, ಖುದ್ದಾಗಿ ಬಂದವರನ್ನು ಗೈರುಹಾಜರು ಎಂದು ಪರಿಗಣಿಸಲಾಗುವುದು.

ನಮ್ಮದೋ ಹಳೆಯ ಕೇಬಲ್ ಇಂಟರ್ನೆಟ್. ಯಾರಾದರೂ ಮೆಟ್ಟಿಲ ಮೇಲೆ ಕೇಬಲ್ ತುಳಿದರೆ ಸಾಕು, ಪರದೆಯ ಮೇಲೆ ಅಕ್ಕ ಕಮಾನು ಎತ್ತಿ ಹಾಗೇ ನಿಂತುಬಿಡುತ್ತಿದ್ದಳು.

"ಈ ದರಿದ್ರ ಕೇಬಲ್ ನಂಬ್ಕೊಂಡ್ರೆ ನನ್ ಕಥೆ ಮುಗೀತು ಕಣೋ. ವೈರ್‌ಲೆಸ್ ಹಾಕ್ಸು," ಎಂದಳು.

ಹಾಕಿಸಲು ನಿಸ್ತಂತು ಸೇವಾ ಕಚೇರಿಯಿಂದ ಪರಿಶೀಲಕರು ಬಂದರು. ಬಲು ಸಜ್ಜನ. ಚಪ್ಪಲಿ ಹೊರಗೇ ಬಿಟ್ಟು, ನೀರು ಕುಡಿದು, ನಿಯಮ ಓದಿದರು: "ನಿಸ್ತಂತು ಸಂಪರ್ಕ ಪಡೆಯುವ ಕಟ್ಟಡದಲ್ಲಿ ಯಾವುದೇ ಬಗೆಯ ತಂತಿ ಇರತಕ್ಕದ್ದಲ್ಲ. ಒಂದು ಮನೆಯಲ್ಲಿ ಕಂಡುಬಂದರೂ ಇಡೀ ಕಟ್ಟಡದ ಸಂಪರ್ಕ ಕಡಿತಗೊಳ್ಳತಕ್ಕದ್ದು."

ಮೊದಲು ಕೇಬಲ್ ಹೋಯಿತು. ನ್ಯಾಯವೇ. ಆಮೇಲೆ ಬಟ್ಟೆ ಒಣಹಾಕುವ ತಂತಿ, ಅಜ್ಜನ ಫೋಟೋ ನೇತುಹಾಕಿದ್ದ ತಂತಿ. ಅಜ್ಜನನ್ನು ಕುರ್ಚಿಯ ಮೇಲೆ ಕೂರಿಸಿದೆವು. ನನ್ನ ಕನ್ನಡಕದ ಮುರಿದ ಕಾಲಿಗೆ ಸುತ್ತಿದ್ದ ತಂತಿಯನ್ನೂ ಬಿಚ್ಚಿದರು. ಅಂದಿನಿಂದ ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದೇ ಓದುತ್ತೇನೆ, ರೂಢಿಯಾಗಿದೆ.

"ಹಾಗಾದ್ರೆ ಕರೆಂಟಿನ ತಂತಿ?" ಎಂದೆ.

"ಗೋಡೆ ಒಳಗಿರೋದು ಗೋಡೆಗೆ ಸೇರಿದ್ದು ಸಾರ್."

"ನೀವು ತಂದ ವೈರ್‌ಲೆಸ್ ಪೆಟ್ಟಿಗೆಗೂ ಬಾಲ ಇದೆಯಲ್ಲ?"

"ಅದು ಕಚೇರಿ ತಂತಿ. ಅದಕ್ಕೆ ವಿನಾಯಿತಿ ಇದೆ."

ಇಷ್ಟರಲ್ಲಿ ಅವರ ಕಣ್ಣು ಪಿಟೀಲಿನ ಮೇಲೆ ಬಿತ್ತು. ನಾಲ್ಕು ತಂತಿ. ಅಕ್ಕ ವಾದ್ಯವನ್ನು ಮಗುವಿನಂತೆ ಅವಚಿಕೊಂಡಳು.

"ಅಯ್ಯೋ ಮಾರಾಯ್ರೇ, ಇದು ಪಿಟೀಲು ತಂತಿ! ಇಂಟರ್ನೆಟ್ಟಿಗೂ ಇದಕ್ಕೂ ಏನ್ರೀ ಸಂಬಂಧ?"

"ನಿಯಮದಲ್ಲಿ ಕೇಬಲ್ ಅಂತಿದ್ರೆ ನಾನೇ ಬಿಟ್ಬಿಡ್ತಿದ್ದೆ ಮೇಡಂ. ತಂತಿ ಅಂತಿದೆ. ನೀವೇ ಹೇಳಿ, ಇದಕ್ಕೆ ಏನಂತೀರಿ?"

ಅಕ್ಕ ಬಾಯಿ ತೆರೆದಳು. ಬೇರೆ ಪದ ಸಿಗಲಿಲ್ಲ. ನಾನೂ ಯೋಚಿಸಿದೆ. ನನಗೂ ಸಿಗಲಿಲ್ಲ.

"ಪಿಟೀಲು ಇಟ್ಕೊಳ್ಳಿ, ನುಡಿಸ್ಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ," ಎಂದು ಅವರು ತುಂಬ ಗೌರವದಿಂದ ನಾಲ್ಕನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಆಗಲೇ ಅಕ್ಕ ಅತ್ತದ್ದು. ನಾನು ಕಾರ್ಯದರ್ಶಿಯಾಗಿದ್ದುಕೊಂಡು ಅಳುವಂತಿರಲಿಲ್ಲ. ವಶಪಡಿಸಿಕೊಂಡ ತಂತಿಯೆಲ್ಲ ಪರಿಶೀಲಕರ ಭಾವಮೈದುನನ ಗುಜರಿ ಅಂಗಡಿ ಸೇರುತ್ತದೆ. ಸರಕು ಒಂದೇ ಕಡೆ ಇದ್ದರೆ ಲೆಕ್ಕ ಸುಲಭವಂತೆ.

ಅಕ್ಕ ಹೊಸ ತಂತಿ ತರಲು ಹೊರಟಾಗ ಕೆಳಮನೆಯ ದರ್ಜಿ ಮೆಟ್ಟಿಲಿಗೆ ಅಡ್ಡ ನಿಂತ.

"ಅಕ್ಕೋರೇ, ನಿಮ್ಮೊಬ್ಬರಿಗೋಸ್ಕರ ಇಡೀ ಬಿಲ್ಡಿಂಗ್ ಇಂಟರ್ನೆಟ್ ಇಲ್ದೆ ಸಾಯ್ಬೇಕಾ? ನನ್ನ ಮಗಳ ಪಾಠ ಏನಾಗ್ಬೇಕು?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕ ವಾಪಸು ಬಂದು, ತಂತಿಯಿಲ್ಲದ ಪಿಟೀಲನ್ನು ಭುಜಕ್ಕಿಟ್ಟು ಅಭ್ಯಾಸಕ್ಕೆ ಕೂತಳು. "ಕೈಗಾದ್ರೂ ಮರೆತುಹೋಗದೆ ಇರ್ಲಿ," ಎಂದಳು.

ಸಂದರ್ಶನದ ದಿನ ಪರದೆಯ ಮೇಲೆ ಮೂವರು ವಿದ್ವಾಂಸರು ಕಾಣಿಸಿಕೊಂಡರು. ಚಿತ್ರ ಎಷ್ಟು ನಿಚ್ಚಳವೆಂದರೆ ಹಿರಿಯ ವಿದ್ವಾಂಸರ ಕಿವಿಯ ಕೂದಲು ಎಣಿಸಬಹುದಿತ್ತು. ಅಕ್ಕ ಕೈಮುಗಿದು, "ನನ್ನ ವಾದ್ಯಕ್ಕೆ ತಂತಿ..." ಎಂದು ಶುರುಮಾಡಿದಳು.

"ಮಾತು ಬೇಡಮ್ಮ, ನುಡಿಸಿ. ಸಮಯ ಇಲ್ಲ."

ನುಡಿಸಿದಳು. ಕಮಾನು ಹೋಯಿತು, ಬಂತು. ಬೆರಳುಗಳು ಬರಿ ಮರದ ಮೇಲೆ ಓಡಾಡಿದವು. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ. ಬೆವರು ಅವಳ ಗಲ್ಲದಿಂದ ಪಿಟೀಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ವಿದ್ವಾಂಸರು ಕಣ್ಣು ಮುಚ್ಚಿದರು, ತೊಡೆ ತಟ್ಟಿದರು, ಒಬ್ಬರಂತೂ ಭೇಷ್ ಎಂದೇಬಿಟ್ಟರು.

ಮುಗಿದ ಮೇಲೆ ಹಿರಿಯರು ಕಣ್ಣೊರೆಸಿಕೊಂಡರು. "ಬೆಳಗ್ಗಿನಿಂದ ಕೇಳ್ತಾನೇ ಇದ್ದೀವಿ. ಎಲ್ಲರದ್ದೂ ನಡುನಡುವೆ ಸದ್ದು ನಿಂತುಹೋಗ್ತಿತ್ತು. ನಿಮ್ಮದೊಂದೇ ಎಲ್ಲೂ ನಿಲ್ಲಲಿಲ್ಲ. ಆದ್ರೆ ಎರಡನೇ ಚರಣದಲ್ಲಿ ಶ್ರುತಿ ಒಂಚೂರು ಇಳೀತು."

ಅಕ್ಕನ ಮುಖ ಕೆಂಪಗಾಯಿತು. ಈಗ ನಿಜ ಹೇಳಿಬಿಡುತ್ತಾಳೆ, ಕೆಲಸ ಹೋಯಿತು ಎಂದುಕೊಂಡೆ.

"ಇಳೀಲಿಲ್ಲ ಸಾರ್!" ಎಂದಳು ಅಕ್ಕ. "ಇಷ್ಟು ವರ್ಷದಲ್ಲಿ ನನ್ನ ಶ್ರುತಿ ಇಳೀತು ಅಂತ ಒಬ್ರೂ ಅಂದಿಲ್ಲ!"

"ಕಿವಿ ಸುಳ್ಳು ಹೇಳುತ್ತಾ ತಾಯಿ?"

ಅಕ್ಕ ಪಿಟೀಲಿನ ಮೇಲೆ ಬಾಗಿದಳು. ತಂತಿ ಬಿಗಿಯುವ ಮೊದಲನೆಯ ಬಿರಡೆಯನ್ನು ನಿಧಾನವಾಗಿ ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು, ಆ ಚರಣವನ್ನು ಮತ್ತೆ ನುಡಿಸಿದಳು.

"ಹಾಂ, ಈಗ ಸರಿಹೋಯ್ತು," ಎಂದರು ಹಿರಿಯರು.

ನನಗೂ ಹಾಗೇ ಅನ್ನಿಸಿತು.