ಅರವತ್ತೈದನೇ ಪುಟದ ಹಡಗು

“ನಾನು ಈಗ ಓದ್ತಾ ಇರೋ ಪುಸ್ತಕದಲ್ಲಿ ಛತ್ರಿ ರಿಪೇರಿ ಮಾಡೋ ಒಬ್ಬ ಹೆಂಗಸಿದ್ದಾಳೆ. ಗಂಡ ಇಲ್ಲ. ಅಂಗಡಿ ಗೋಡೆ ವಿಷಯಕ್ಕೆ ಮೈದುನನ ಜೊತೆ ಜಗಳ. ಅರವತ್ನಾಲ್ಕನೇ ಪುಟದ ತನಕ ಬರೀ ಜಗಳಾನೇ. ಅರವತ್ತೈದಕ್ಕೆ ಬಂದ್ರೆ, ನೋಡಿ, ಸಮುದ್ರ. ಒಂದು ಹಡಗು. ಹಡಗಿನ ಕ್ಯಾಪ್ಟನ್ನಿಗೆ ಜ್ವರ, ಜೊತೆಗೊಂದು ಕತ್ತೆ ಬೇರೆ. ಛತ್ರಿಯವಳ ಸುಳಿವೇ ಇಲ್ಲ. ಮೊದಲು ನನಗೂ ತಲೆಬುಡ ತಿಳೀಲಿಲ್ಲ. ಆಮೇಲೆ ಹೊಳೀತು, ಅದು ಅವಳ ಮನಸ್ಸು. ದಿನವೆಲ್ಲ ಮುರಿದ ಛತ್ರಿ ನೋಡೋಳು, ಕೈ ಖಾಲಿ ಆದಾಗ ಎಲ್ಲಿಗೆ ಹೋಗ್ತಾಳೆ? ಸಮುದ್ರಕ್ಕೆ ಹೋಗ್ತಾಳೆ. ಎಂಬತ್ತನೇ ಪುಟ ಮುಗೀತಿದ್ದ ಹಾಗೆ ತಿರುಗಿ ಅಂಗಡಿಗೆ ಬರ್ತಾಳೆ, ಎಲ್ಲೂ ಹೋಗದೇ ಇದ್ದೋಳ ಹಾಗೆ ಮೈದುನನ್ನ ಬೈಯೋಕೆ ಶುರು ಮಾಡ್ತಾಳೆ. ನಾವೆಲ್ಲ ಹಾಗೇ ಅಲ್ವಾ?”

ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದ್ದು ಲೈಬ್ರರಿಯ ಮಹಡಿ ಕೋಣೆಯಲ್ಲಿ, ಒಂದು ಗುರುವಾರ ಸಂಜೆ ನಾಲ್ಕು ಗಂಟೆಗೆ.

ನನ್ನ ಓದು ಮೂರನೇ ಕ್ಲಾಸು. ಹಾಗಂತ ಪುಸ್ತಕ ನನಗೆ ಹೊಸದಲ್ಲ. ಮೂವತ್ತೊಂದು ವರ್ಷ ಬೈಂಡಿಂಗ್ ಅಂಗಡಿಯಲ್ಲಿ ಕೂತು ಪುಸ್ತಕ ಹೊಲಿದವಳು. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯೇ ಒಂದು ಫಾರ್ಮು. ಫಾರ್ಮು ಮಡಚು, ಒಂದರ ಮೇಲೊಂದು ಜೋಡಿಸು, ಪುಟದ ನಂಬರು ಸರಿಯಿದೆಯೇ ನೋಡು, ಹೊಲಿ. ಲಕ್ಷಗಟ್ಟಲೆ ಪುಸ್ತಕ ಈ ಬೆರಳುಗಳನ್ನು ದಾಟಿಹೋಗಿವೆ. ಒಂದನ್ನೂ ಓದಿಲ್ಲ. ಮಿಠಾಯಿ ಮಾಡುವವನು ಮಿಠಾಯಿ ತಿನ್ನುವುದಿಲ್ಲವಲ್ಲ, ಹಾಗೆ.

ನಮ್ಮವರು ಹೋದ ಮೇಲೆ ಮನೆಯಲ್ಲಿ ಬಾಯಿ ಇರುವ ವಸ್ತು ಎಂದರೆ ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಹೀಗಿರುವಾಗ ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಚೀಟಿ ಕಣ್ಣಿಗೆ ಬಿತ್ತು. ನೀವು ಈಗ ಓದುತ್ತಿರುವ ಪುಸ್ತಕದ ಬಗ್ಗೆ ಅಭಿಪ್ರಾಯ ಹಂಚಿಕೊಳ್ಳಿ, ಪ್ರತಿ ಗುರುವಾರ, ಎಲ್ಲರಿಗೂ ಸ್ವಾಗತ. ‘ಎಲ್ಲರಿಗೂ’ ಅನ್ನುವುದನ್ನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡು ಮೆಟ್ಟಿಲು ಹತ್ತಿದೆ.

ಅಲ್ಲಿದ್ದವರು ಮೂವರು. ನಿವೃತ್ತ ಹೆಡ್‌ಮಾಸ್ತರು, ಔಷಧಿ ಅಂಗಡಿಯಾಕೆ, ಮತ್ತು ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಎಲ್ಲರೂ ಕಂಡಕ್ಟರಣ್ಣ ಎಂದೇ ಕರೆಯುವ ಒಬ್ಬರು. ಮೂರು ಗುರುವಾರ ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬರೀ ಕೇಳಿದೆ. ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ನಾಲ್ಕನೇ ಗುರುವಾರ ಲೈಬ್ರರಿಯ ಹುಡುಗಿ ಎಲ್ಲರಿಗೂ ಒಂದೇ ಪುಸ್ತಕದ ಒಂದೊಂದು ಹೊಸ ಪ್ರತಿ ಕೊಟ್ಟು, ಒಂದು ತಿಂಗಳಲ್ಲಿ ಓದಿ ಬನ್ನಿ, ಆಮೇಲೆ ಮಾತು ಎಂದಳು. ಆ ದಿನವೇ ಶಪಥ ಮಾಡಿದೆ. ಕನ್ನಡಕ ಹಾಕಿದವರಿಗೆ ಮಾತ್ರವೇ ಅಭಿಪ್ರಾಯ ಇರುವುದು? ಈ ಸಲ ನಾನು ಬಾಯಿ ಬಿಟ್ಟೇ ಬಿಡುತ್ತೇನೆ! ದಿನಕ್ಕೆ ಮೂರೋ ನಾಲ್ಕೋ ಪುಟ, ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಅರವತ್ನಾಲ್ಕನೇ ಪುಟದ ಕೊನೆಯಲ್ಲಿ ಮೈದುನನ ಮಾತು ಅರ್ಧಕ್ಕೇ ನಿಂತಿತ್ತು. ಅವಳು ಬಾಯಿ ಮುಚ್ಚಿಸಿರಬೇಕು, ಒಳ್ಳೆಯದಾಯಿತು ಅಂದುಕೊಂಡು ಮುಂದೆ ಹೋದೆ.

ನನ್ನ ಭಾಷಣ ಮುಗಿಯಿತು. ಆಮೇಲೆ ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡರು.

“ಆ ಹಡಗೇ ಈ ಪುಸ್ತಕದ ಪ್ರಾಣ. ನಾನೂ ಇದನ್ನೇ ಹೇಳ್ಬೇಕು ಅಂತಿದ್ದೆ.”

ಔಷಧಿ ಅಂಗಡಿಯಾಕೆ, ಪುಸ್ತಕದಲ್ಲಿ ಬರುವ ಜ್ವರಗಳೆಲ್ಲ ಸುಳ್ಳು ಜ್ವರಗಳು, ಈ ಕ್ಯಾಪ್ಟನ್ನಿನದು ಮಾತ್ರ ನಿಜವಾದದ್ದು, ತನ್ನ ಅಣ್ಣನಿಗೂ ಹೀಗೇ ಬಂದಿತ್ತು ಎಂದರು. ಕಂಡಕ್ಟರಣ್ಣನಿಗೆ ಕತ್ತೆಯ ಚಿಂತೆ. ಕೂರಲು ಜಾಗವಿಲ್ಲದ ಕಡೆ ಅದನ್ನು ಹತ್ತಿಸಿಕೊಳ್ಳಬಾರದಿತ್ತಂತೆ.

ನಾನು ನೆಲದಿಂದ ಒಂದು ಗೇಣು ಮೇಲಕ್ಕೆದ್ದಿದ್ದೆ! ಮುಂದಿನ ಗುರುವಾರವೂ ಹಡಗಿನದೇ ಮಾತು. ನನ್ನ ಕುರ್ಚಿ ಬಾಗಿಲ ಪಕ್ಕದಿಂದ ಫ್ಯಾನಿನ ಕೆಳಕ್ಕೆ ಬಡ್ತಿ ಪಡೆಯಿತು. ವಾಪಸು ಬರುವಾಗ ಔಷಧಿ ಅಂಗಡಿಯಾಕೆ ಮೂಲೆಯ ತನಕ ನನ್ನ ಜೊತೆ ನಡೆದರು. ನನ್ನ ನಡಿಗೆ ನಿಧಾನ. ಅವರೂ ನಿಧಾನ ಮಾಡಿದರು. ಯಾರಾದರೂ ನನಗಾಗಿ ಹೆಜ್ಜೆ ಸಣ್ಣದು ಮಾಡಿ ಎಷ್ಟು ಕಾಲವಾಗಿತ್ತೋ, ಆ ರಾತ್ರಿ ಊಟಕ್ಕೆ ಕೂತಾಗ ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ.

ಅದರ ಮುಂದಿನ ಗುರುವಾರ ಹೆಡ್‌ಮಾಸ್ತರು, ಆ ಸಮುದ್ರದ ಭಾಗವನ್ನು ನಿಮ್ಮ ಬಾಯಿಂದಲೇ ಓದಿ ಎಂದರು. ನನ್ನ ಪುಸ್ತಕ ಅಡುಗೆಮನೆಯ ಕಟ್ಟೆಯ ಮೇಲೆ ಉಳಿದುಹೋಗಿತ್ತು. ಅವರು ದೊಡ್ಡ ಮನಸ್ಸಿನಿಂದ ತಮ್ಮದನ್ನೇ ಕೊಟ್ಟರು.

ತೆರೆದೆ. ಪುಸ್ತಕದ ಬೆನ್ನು ‘ಕಟಕ್’ ಎಂದಿತು. ಒಮ್ಮೆಯೂ ಬಿಚ್ಚದ ಬೈಂಡಿಂಗ್ ಮಾಡುವ ಸದ್ದು ಅದು, ನನ್ನ ಕಿವಿಗೆ ಹೇಳಿಕೊಡಬೇಕಾಗಿಲ್ಲ. ಅರವತ್ತೈದನೇ ಪುಟಕ್ಕೆ ಹೋದೆ. ಸಮುದ್ರ ಇಲ್ಲ. ಅರ್ಧಕ್ಕೆ ನಿಂತಿದ್ದ ಮೈದುನ ಅಲ್ಲಿ ತನ್ನ ಮಾತು ಪೂರ್ತಿ ಮಾಡಿ ಆರಾಮವಾಗಿ ಬೈಯುತ್ತಿದ್ದಾನೆ! ಔಷಧಿ ಅಂಗಡಿಯಾಕೆಯ ಪುಸ್ತಕ ತೆಗೆದೆ. ಕಟಕ್. ಅಲ್ಲೂ ಮೈದುನ. ಕಂಡಕ್ಟರಣ್ಣನದು. ಕಟಕ್. ಮೈದುನ.

ವಿಷಯ ತಿಳಿಯಿತು. ನನ್ನ ಪ್ರತಿ ಜೋಡಿಸಿದವಳು ಐದನೇ ಫಾರ್ಮನ್ನು, ಅಂದರೆ ಅರವತ್ತೈದರಿಂದ ಎಂಬತ್ತನೇ ಪುಟವನ್ನು, ಪಕ್ಕದ ರಾಶಿಯಿಂದ, ಯಾವುದೋ ಹಡಗಿನ ಕಥೆಯಿಂದ ಎತ್ತಿ ಹಾಕಿದ್ದಾಳೆ. ಐದನೇ ಫಾರ್ಮಿಗೆ ಐದನೇ ಫಾರ್ಮು, ಪುಟದ ನಂಬರು ಸರಿಯಾಗೇ ಕೂರುತ್ತದೆ. ನಾವು ನೋಡುತ್ತಿದ್ದದ್ದು ನಂಬರು ಮಾತ್ರ. ನಾನೇ ಎಷ್ಟು ಜನರ ಅಂಗಡಿಯೊಳಕ್ಕೆ ಎಷ್ಟು ಸಮುದ್ರ ಹೊಲಿದಿದ್ದೇನೋ, ದೇವರಿಗೇ ಗೊತ್ತು.

ಆಗ ಸುಮ್ಮನಿರಬಹುದಿತ್ತು. ಅಕ್ಷರ ಕಾಣಿಸುತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬೈಂಡಿಂಗಿನಲ್ಲಿ ಒಂದು ಕಟ್ಟಳೆ ಇದೆ. ತಪ್ಪು ಫಾರ್ಮು ಸಿಕ್ಕಿತೋ, ಕೈ ಎತ್ತಬೇಕು, ಕೂಗಿ ಹೇಳಬೇಕು. ಇಲ್ಲದಿದ್ದರೆ ಇಡೀ ಕಟ್ಟು ಕೆಡುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಮೇಲಕ್ಕೆ ಹೋಯಿತು.

“ಹಡಗು ಈ ಪುಸ್ತಕದ್ದಲ್ಲ. ನನ್ನ ಪ್ರತಿಗೆ ಬೇರೆ ಪುಸ್ತಕದ ಫಾರ್ಮು ಸೇರಿಬಿಟ್ಟಿದೆ. ನಿಮ್ಮ ಯಾರ ಪುಸ್ತಕದಲ್ಲೂ ಹಡಗೇ ಇಲ್ಲ.”

ತಪ್ಪು ಹಿಡಿದ ಜಂಬದಲ್ಲಿ ಸುತ್ತ ನೋಡಿದೆ. ಹಿಡಿದದ್ದು ಯಾರ ತಪ್ಪನ್ನು ಎನ್ನುವುದು ಆಗ ಹೊಳೆಯಿತು. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ಔಷಧಿ ಅಂಗಡಿಯಾಕೆ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಆಯುಷ್ಯವೆಲ್ಲ ಬಸ್ಸನ್ನು ತಮ್ಮ ಸೀಟಿಯ ಸದ್ದಿಗೆ ಕಾಯಿಸಿದ ಕಂಡಕ್ಟರಣ್ಣ, ಬಸ್ಸು ತಪ್ಪಿಹೋಗುತ್ತದೆ ಎಂದು ಎದ್ದರು.

ಮುಂದಿನ ಗುರುವಾರ ನಾಲ್ಕು ಕುರ್ಚಿ, ನಾನೊಬ್ಬಳು. ಐದು ಗಂಟೆಯ ತನಕ ಕೂತೆ. ದೀಪ ಆರಿಸಲು ಬಂದ ಲೈಬ್ರರಿಯ ಹುಡುಗಿ ಮೆಲ್ಲಗೆ ಕೇಳಿದಳು.

“ಹೇಳ್ದೇ ಇದ್ದಿದ್ರೆ ಏನಾಗ್ತಿತ್ತಜ್ಜಿ?”

ನಾಲ್ಕೂ ಕುರ್ಚಿಗಳನ್ನು ಗೋಡೆಗೆ ಸರಿಸಿಟ್ಟು ಮೆಟ್ಟಿಲು ಇಳಿದೆ. ಅದರ ಮುಂದಿನ ಗುರುವಾರವೂ ಹಾಗೇ. ಫ್ಯಾನು ಪೂರ್ತಿ ನನ್ನೊಬ್ಬಳಿಗೇ, ಮಹಾರಾಣಿಯ ಹಾಗೆ.

ಮಾರನೆಯ ದಿನ ಔಷಧಿ ಅಂಗಡಿಗೆ ಹೋಗಿ ಮಂಡಿನೋವಿಗೆ ಮುಲಾಮು ಕೇಳಿದೆ.

“ಯಾವ ಮಂಡಿ?”

“ಎರಡೂ.”

“ರಸ್ತೆ ದಾಟೋವಾಗ ನೋಡಿದೆ, ಎರಡೂ ಚೆನ್ನಾಗೇ ಇವೆ.”

ತಪ್ಪಾಯಿತು ಎಂದೆ. ಆಕೆ ಮಾತ್ರೆಯ ಪಟ್ಟಿಗಳನ್ನು ಜೋಡಿಸುತ್ತಲೇ, ತಲೆ ಎತ್ತದೆ ಹೇಳಿದರು.

“ನಾನು ಪುಸ್ತಕ ಓದೋಳೇ ಅಲ್ಲಮ್ಮ. ದಿನವಿಡೀ ಡಾಕ್ಟರ ಚೀಟಿ ಓದಿ ಓದಿ ಸಾಕಾಗಿರುತ್ತೆ. ಗುರುವಾರ ಮಧ್ಯಾಹ್ನದ ಮೇಲೆ ಅಂಗಡಿಗೆ ರಜಾ. ಮನೇಲಿ ಕೂತು ಗೋಡೆ ನೋಡ್ಲಾ?”

“ಮತ್ತೆ ನಿಮ್ಮಣ್ಣನ ಜ್ವರ?”

“ಅದು ಸುಳ್ಳಲ್ಲ. ನೀವು ಹೇಳಿದ್ದು ಕೇಳಿ ನೆನಪಾಯ್ತು. ಅವನ ವಿಷಯ ನಾನು ಯಾರ ಹತ್ರಾನೂ ಹೇಳಿರಲಿಲ್ಲ.”

ಮುಲಾಮಿನ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಆಮೇಲೆ ಆಕೆ, ಹೆಡ್‌ಮಾಸ್ತರು ಮಾತ್ರೆಗೆ ಬಂದಾಗಲೆಲ್ಲ ಬೈಂಡಿಂಗಮ್ಮ ಇನ್ನೂ ಹೋಗ್ತಾರಾ ಎಂದು ಕೇಳುತ್ತಾರೆ, ಕಂಡಕ್ಟರಣ್ಣನಂತೂ ಗುರುವಾರ ಲೈಬ್ರರಿಯ ಬೀದಿಯಲ್ಲೇ ಎರಡು ಸುತ್ತು ಹಾಕಿ ಹೋಗುತ್ತಾರೆ ಎಂದರು.

“ಬರೋ ವಾರ ಮೂರೂ ಜನ ಬರ್ತೀವಿ. ಆದ್ರೆ ಒಂದು ಷರತ್ತು.”

“ಹೇಳಿ, ಏನಾದ್ರೂ ಸರಿ.”

“ನೀವು ಪುಸ್ತಕ ಓದ್ಕೊಂಡು ಬರಬಾರದು.”

ಒಪ್ಪಿಕೊಂಡು ಮುಲಾಮು ಹಿಡಿದು ಮನೆಗೆ ಬಂದೆ. ಪುಸ್ತಕ ತೊಂಬತ್ತೇಳನೇ ಪುಟದಲ್ಲಿ ಮಗುಚಿ ಮಲಗಿತ್ತು. ಮೈದುನ ಗೋಡೆ ಒಡೆಯಲು ಆಳು ಕರೆದುಕೊಂಡು ಬಂದು ನಿಂತಿದ್ದ ಜಾಗ ಅದು. ಛತ್ರಿಯವಳು ಏನು ಮಾಡಿದಳೋ! ಕೈ ಅತ್ತ ಹೋಯಿತು, ವಾಪಸು ಎಳೆದುಕೊಂಡೆ. ನಲ್ಲಿ ತಿರುಗಿಸಿ, ಬೆಳಗಿನ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ತೊಳೆದು ಬೋರಲು ಹಾಕಿದೆ.