ಬುದ್ಧಿಹಲ್ಲು ಕಿತ್ತ ಮೇಲಿನ ಮೂರು ದಿನ

ಹಲ್ಲು ಕೀಳೋದು ಅರ್ಧ ತಾಸಿನ ಕೆಲಸ. ಮುಂದಿನ ಮೂರು ದಿನ ಏನೇನಾಗುತ್ತದೆ ಅನ್ನೋದು ಮಾತ್ರ ಯಾರ ಕೈಯಲ್ಲೂ ಇಲ್ಲ. ನಾನು ಹಲ್ಲಿನ ಡಾಕ್ಟರು. ವಾರವೆಲ್ಲ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಕೂತಿರುತ್ತೇನೆ, ಗುರುವಾರ ಖಾನಾಪುರಕ್ಕೆ ಹೋಗುತ್ತೇನೆ. ಎರಡೂ ಕಡೆ ಹೇಳುವುದು ಒಂದೇ ಮಾತು. ಪೇಷಂಟು ಮನೆ ಮುಟ್ಟುವಷ್ಟರಲ್ಲಿ ಅದು ಬೇರೆಯೇ ಮಾತಾಗಿರುತ್ತದೆ.

ಐಸೂ ಕಾವೂ

ಶಿವಬಸವ ನಗರದ ಕಾಲೇಜು ಹುಡುಗಿಯೊಬ್ಬಳ ಬುದ್ಧಿಹಲ್ಲು ತೆಗೆದೆ. ಜೊತೆಗೆ ಬಂದಿದ್ದ ಅಜ್ಜಿಗೆ, "ಇವತ್ತು ಗಲ್ಲದ ಮ್ಯಾಲ ಐಸ್ ಇಡ್ರಿ, ಬಾವು ಕಡಿಮಿ ಆಗ್ತದ. ಬಿಸಿ ಏನೂ ಬ್ಯಾಡ," ಅಂದೆ. ಮರುದಿನ ಬಂದಾಗ ಪಾಪ, ಹುಡುಗಿಯ ಗಲ್ಲ ಬನ್ನಿನಂತೆ ಉಬ್ಬಿತ್ತು.

"ಐಸ್ ಇಟ್ಟಿದ್ರಿಲ್ಲೋ ಅಜ್ಜಿ?"

"ಇಟ್ಟೇನಲ್ಲರೀ, ತಾಸಿಗೊಮ್ಮಿ."

ಹುಡುಗಿ ಬಾಯಿ ತೆರೆಯಲಾರದೆ ಅಜ್ಜಿಯ ಕೈಚೀಲದ ಕಡೆ ಬೆರಳು ತೋರಿಸಿದಳು. ಅದರಲ್ಲೊಂದು ಬಟ್ಟೆ ಗಂಟು, ಒಳಗೆ ಹುರಿದ ಉಪ್ಪು, ಇನ್ನೂ ಬೆಚ್ಚಗಿತ್ತು.

"ಇದ್ಯಾಕ ಅಜ್ಜಿ?"

"ಐಸ್ ನಿಮ್ಮ ಮಾತಿಗೆ ಇಟ್ಟೆ. ಅದರಿಂದ ಕೂಸಿಗೆ ಥಂಡಿ ಆಗಬಾರದಲ್ಲ, ಹಿಂದಿಂದ್ಲೇ ಇದರ ಕಾವು ಕೊಟ್ಟೆ!"

ಬಾಯಿ ತೆಗೀಬ್ಯಾಡ್ರಿ

ಇದರಲ್ಲಿ ತಪ್ಪು ನನ್ನದೇ. ಖಾನಾಪುರದಲ್ಲಿ ಮರಾಠಿ ಮನೆಮಾತಿನ ಹೆಂಗಸೊಬ್ಬರ ಹಲ್ಲು ಕಿತ್ತು, ರಕ್ತ ನಿಲ್ಲಲೆಂದು ಹತ್ತಿ ಇಟ್ಟು, "ಗಟ್ಟಿ ಕಚ್ಚಿ ಹಿಡೀರಿ. ನಾ ಹೇಳೂತನಕ ಬಾಯಿ ತೆಗೀಬ್ಯಾಡ್ರಿ," ಅಂದೆ. ಅಷ್ಟರಲ್ಲಿ ಮತ್ತೊಬ್ಬ ಪೇಷಂಟು ಅಳುತ್ತಾ ಬಂದರು, ನಾನು ಮರೆತೆ. ಆಕೆ ಗಂಡನ ಜೊತೆ ಮನೆಗೆ ಹೋದರು.

ನಾಲ್ಕು ತಾಸಿನ ಮೇಲೆ ಗಂಡನ ಫೋನು. "ಡಾಕ್ಟರ್, ಮನಿಯಾಕಿ ಒಂದ ಸವನ ಕೈಸನ್ನಿ ಮಾಡಾಕತ್ತಾಳ. ಬಾಯಿ ತಗೀಬೇಕೋ ಬ್ಯಾಡೋ ಕೇಳ್ತಾಳೇನೋ ಅನಸ್ತದ."

ಆಗ ನೆನಪಾಯಿತು ನನಗೆ. "ತಗೀಲಿ, ತಗೀಲಿ! ತಪ್ಪಾತ್ರಿ!"

ಆ ಕಡೆಯಿಂದ ಆಕೆಯ ದನಿ ಸ್ಪಷ್ಟವಾಗಿ ಕೇಳಿಸಿತು. ನನಗೆ ಬೈಯಲಿಲ್ಲ, ಗಂಡನಿಗೇ ಬೈದರು: "ಅಹೋ, ದೂಧ ಉತೂ ಗೇಲಂ! ಆಗಿನಿಂದ ಒಲಿ ಕಡೆ ಕೈ ಮಾಡಾಕತ್ತೇನಿ, ಹಾಲು ಉಕ್ಕಿ ಹೋತು!"

ಶಾಂತ ಮನುಷ್ಯ

ಖಾನಾಪುರದ ಕಿರಾಣಿ ವ್ಯಾಪಾರಿಯೊಬ್ಬರ ಬಾಯಿಗೆ ಬಿಡುವೇ ಇಲ್ಲ. ಅರಿವಳಿಕೆ ಇಂಜೆಕ್ಷನ್ ಕೊಡುವಾಗಲೂ ಮಾತಾಡುತ್ತಿದ್ದರು. ಗುರುವಾರ ಬಲಗಡೆಯ ಬುದ್ಧಿಹಲ್ಲು ತೆಗೆದೆ. ಶನಿವಾರ ಮಗನಿಗೆ ಹೆಣ್ಣು ನೋಡಲು ಬೆಳಗಾವಿಯ ಶಹಾಪುರಕ್ಕೆ ಹೋಗಬೇಕಿತ್ತು.

"ಅಷ್ಟೊತ್ತಿಗೆ ಬಾವು ಭಾಳ ಇರ್ತದ, ಮುಂದ ಹಾಕ್ರಿ," ಅಂದೆ.

"ಆಗೂದಿಲ್ರಿ. ಮೊದಲ ಎರಡು ಸಂಬಂಧ ನನ್ನ ಬಾಯಿಂದ ಮುರದಾವು. ಇದಕ್ಕ ಹೋಗದಿದ್ರ ಮಗಾ ನನ್ನ ಮಾರಿ ನೋಡೂದಿಲ್ಲ."

ವಾರದ ನಂತರ ಹೊಲಿಗೆ ಬಿಚ್ಚಿಸಲು ಬಂದು, ಅಲ್ಲಿ ಆದದ್ದನ್ನು ಹೇಳಿದರು. ಬಿಸಿ ಉಪ್ಪಿಟ್ಟು ಬಂತು, ಇವರು ಮುಟ್ಟಲಿಲ್ಲ. ಚಹಾ ಬಂತು, ಮುಟ್ಟಲಿಲ್ಲ. ಏನು ಕೇಳಿದರೂ ಬರೀ "ಹ್ಞೂಂ". ಹುಡುಗಿಯ ತಂದೆ ಬೆವರಿಬಿಟ್ಟರಂತೆ, "ಬೀಗರು ಯಾಕೋ ಸಿಟ್ಟಾಗ್ಯಾರ."

ಆಗ ಹುಡುಗಿಯೇ, "ಸಿಟ್ಟಲ್ಲಪ್ಪಾ, ಅವರ ಗಲ್ಲ ನೋಡ್ರಿ, ಬಾತೈತಿ," ಅಂದಳಂತೆ. ಒಳಗೆ ಹೋಗಿ ಟವೆಲಿನಲ್ಲಿ ಐಸ್ ಸುತ್ತಿ ತಂದುಕೊಟ್ಟಳು. ಆಮೇಲೆ ನುಣ್ಣಗೆ ಕಿವುಚಿದ ತಣ್ಣನೆಯ ಮೊಸರನ್ನ ತಂದಳು.

"ನನಗ ಕಣ್ಣಾಗ ನೀರ ಬಂತ್ರಿ ಡಾಕ್ಟರ್," ಅಂದರು ಸಾಹುಕಾರರು. "ನಮ್ಮ ಮನ್ಯಾಗ ಯಾರೂ ಹಿಂಗ ಮಾಡಿರಲಿಲ್ಲ. ಮಗನ್ನ ಕೇಳದ ಹ್ಞೂಂ ಅಂದಬಿಟ್ಟೆ. ಪುಣ್ಯಾಕ ಅವನೂ ಒಪ್ಪಿದಾ, ಆಕೀನೂ ಒಪ್ಪಿದಳು. ಬರೂ ತಿಂಗಳ ಮದುವಿ."

"ಭಾಳ ಸಂತೋಷ ಆತ್ರಿ!"

"ಸಂತೋಷ ಖರೇ. ಒಂದ ತ್ರಾಸ ಐತಿ. 'ಇಂಥಾ ಶಾಂತ ಮನಷ್ಯಾ ಬೀಗಾ ಸಿಗೂದು ನಮ್ಮ ಪುಣ್ಯ' ಅಂತ ಅವರು ಊರೆಲ್ಲಾ ಹೇಳ್ಕೋತ ಅಡ್ಡಾಡಾಕತ್ತಾರ."

ಆಮೇಲೆ ಮೆಲ್ಲಗೆ ಎಡಗಲ್ಲ ಮುಟ್ಟಿ ತೋರಿಸಿದರು. "ಈ ಕಡೆ ಇನ್ನೊಂದು ಐತಲ್ಲರೀ?"

"ಐತಿ. ನೋವೈತೇನು?"

"ಏನೂ ಇಲ್ಲರೀ, ಕಲ್ಲಿದ್ದಂಗ ಗಟ್ಟಿ ಐತಿ. ಮದುವಿಗೆ ಎರಡ ದಿನ ಮೊದಲ ಬರ್ತೇನಿ, ಕಿತ್ತ ಬಿಡ್ರಿ."