ಎರಡು ತಂತಿ, ಒಂದು ಹೆಬ್ಬಾವು

ನಲವತ್ತು ದಾಟಿದ ಗಂಡಸಿಗೆ ಹೊಸದೇನಾದರೂ ಕಲಿಯುವ ಚಪಲ ಹುಟ್ಟಿದರೆ ಮನೆಯವರು ಎಚ್ಚರವಾಗಿರಬೇಕು. ಕೆಲವರು ಯೋಗಕ್ಕೆ ಹೋಗುತ್ತಾರೆ, ಕೆಲವರು ಷೇರು ಪೇಟೆಗೆ. ಅವೆಲ್ಲ ಮನೆಯ ಹೊರಗೇ ಮುಗಿಯುವ ಬಾಬತ್ತು. ನಾನು ಸೂರತ್ತಿನ ಅಡಾಜಣ್‌ನ ಎರಡು ಕೋಣೆಯ ಫ್ಲ್ಯಾಟಿನೊಳಗೆ ಕುಳಿತು ಚೀನೀ ಪಿಟೀಲು ಕಲಿಯಲು ಹೊರಟೆ.

ಇದರ ಹೆಸರು ಎರ್ಹು. ನಮ್ಮ ಮಿಲ್ಲಿಗೆ ಹೊಸ ಯಂತ್ರ ಜೋಡಿಸಲು ಬಂದಿದ್ದ ಚೆನ್ ಎಂಬಾತ ಎರಡು ತಿಂಗಳು ನಮ್ಮ ಮನೆಯ ನೀರುದೋಸೆ ತಿಂದ ಋಣಕ್ಕೆ ಹೋಗುವಾಗ ಕೊಟ್ಟುಹೋದ. ಉದ್ದನೆಯ ಕೋಲು, ಬುಡದಲ್ಲಿ ಚರ್ಮ ಹೊದಿಸಿದ ಪುಟ್ಟ ಡಬ್ಬಿ, ಎರಡೇ ತಂತಿ. ಒಂದು ಷಡ್ಜ, ಇನ್ನೊಂದು ಪಂಚಮ. ಕಮಾನಿನ ಕೂದಲು ಆ ಎರಡರ ನಡುವೆ ಸಿಕ್ಕಿಕೊಂಡೇ ಇರುತ್ತದೆ. ತಂತಿಯ ಕೆಳಗೆ ಪಟ್ಟಿಯಿಲ್ಲ, ವೀಣೆಗಿರುವಂತೆ ಮೆಟ್ಟಿಲಿಲ್ಲ. ಬೆರಳು ಗಾಳಿಯಲ್ಲಿ ಸ್ವರ ಹುಡುಕಬೇಕು. ಹೋಗುವ ಮುನ್ನ ಚೆನ್ ಸ ರಿ ಗ ಪ ದ, ಐದೇ ಸ್ವರ ತೋರಿಸಿಕೊಟ್ಟ. ಐದು ಸ್ವರ ಯಾವ ಮಹಾ, ಎಂದುಕೊಂಡೆ.

ನನ್ನ ಹೆಂಡತಿ ವಸುಧಾ ಪುತ್ತೂರಿನ ಕಡೆಯವಳು, ಹತ್ತು ವರ್ಷ ಸಂಗೀತ ಕಲಿತವಳು. ಮದುವೆಯಾದ ಹೊಸದರಲ್ಲಿ ನಾನು ಗುನುಗಿದ್ದನ್ನು ಕೇಳಿ ನನ್ನ ಕಿವಿಯ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿದ್ದಳು. ಅವಳೆದುರು ಕುಳಿತು ಈ ಐದು ಸ್ವರ ಒಮ್ಮೆ ನೆಟ್ಟಗೆ ನುಡಿಸಿ, "ಅಡ್ಡಿಲ್ಲ" ಅನ್ನಿಸಿಕೊಳ್ಳಬೇಕು. ನನಗಿದ್ದ ಆಸೆ ಅಷ್ಟೇ, ಆದರೆ ಬಹಳ ದೊಡ್ಡದಾಗಿತ್ತು.

ಒಂದು ವಾರ ಮನೆಯ ಹಾಲ್‌ನಲ್ಲೇ ಸಾಧನೆ ನಡೆಯಿತು. ಕೆಳಗಿನ ಮನೆಯ ಕನುಭಾಯಿ ಬಂದು, "ಸಾಬ್, ಘರ್ ಮೇಂ ಸಬ್ ಠೀಕ್ ಹೈ ನಾ?" ಎಂದು ಮನೆಯವರ ಕ್ಷೇಮ ವಿಚಾರಿಸಿಕೊಂಡು ಹೋದರು. ಒಳ್ಳೆಯ ನೆರೆಹೊರೆ ಎಂದು ಸಂತೋಷವಾಯಿತು. ಎಂಟನೆಯ ದಿನ ವಸುಧಾ ಡಬ್ಬಿಯನ್ನು ದಿಟ್ಟಿಸಿ, "ಇದೆಂಥ ಚರ್ಮ?" ಎಂದಳು.

"ಹೆಬ್ಬಾವಿಂದಂತೆ."

"ಅಯ್ಯೋ ದೇವರೇ! ನಮ್ಮದು ನಾಗಬನ ಇರುವ ಮನೆತನ ಮಾರಾಯ್ರೆ. ಹಾವಿನ ಚರ್ಮ ಒಳಗೆ ಬೇಡ."

ಭಕ್ತಿಯ ಎದುರು ವಾದ ಮಾಡಲಾದೀತೆ? ಎರ್ಹು ಹಿಡಿದು ಇಲ್ಲಿಯವರು ಅಗಾಸಿ ಎನ್ನುವ ತಾರಸಿಗೆ ಹತ್ತಿದೆ. ನೀರಿನ ಟ್ಯಾಂಕಿನ ಪಕ್ಕ, ಒಣಹಾಕಿದ ಹಪ್ಪಳಗಳ ಎದುರು ಮೂರು ತಿಂಗಳು ನುಡಿಸಿದೆ. ಹಪ್ಪಳ ಕಾಯುತ್ತಿದ್ದ ಹೆಂಗಸರಿಗೆ ಕಾಗೆಗಳ ಚಿಂತೆ ತಪ್ಪಿತು. ಆದರೆ ಕೇಳಬೇಕಾದವಳೇ ಕೆಳಗಿದ್ದಳಲ್ಲ!

ಕೊನೆಗೆ ತಡೆಯಲಾರದೆ ಅವಳ ತವರಿನ ಪುರೋಹಿತರಿಗೇ ಎಸ್‌ಟಿಡಿ ಮಾಡಿದೆ. ಪೂರ್ತಿ ಕೇಳಿ ಭಟ್ಟರು ನಕ್ಕರು. "ಹೆಬ್ಬಾವಿಗೆ ಅದೆಲ್ಲ ಇಲ್ಲ ಮಾರಾಯ್ರೆ, ದೋಷ ನಾಗರಹಾವಿಗೆ ಮಾತ್ರ. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಇಲ್ಲಿ ನಾಗನಿಗೆ ಒಂದು ತಂಬಿಲ ಸೇವೆ ಮಾಡಿಸುವ. ನೀವು ಧಾರಾಳ ನುಡಿಸಿ."

ಗೆದ್ದವನಂತೆ ಎರ್ಹು ಹಿಡಿದೇ ಅಡುಗೆಮನೆಗೆ ಹೋಗಿ ವರದಿ ಒಪ್ಪಿಸಿದೆ. ವಸುಧಾ ಕಾಯಿ ತುರಿಯುವುದನ್ನು ನಿಲ್ಲಿಸಿದಳು.

"ಹೆಬ್ಬಾವಿಗೆ ದೋಷ ಇಲ್ಲ ಅಂತ ನನಗೂ ಗೊತ್ತುಂಟು," ಎಂದಳು ಮೆಲ್ಲಗೆ. "ನಿಮಗೆ ಬೇಸರ ಆಗ್ಬಾರ್ದು ಅಂತ ಹಾಗೆ ಹೇಳಿದ್ದು. ಭಟ್ರು ಚರ್ಮಕ್ಕೆ ಪರಿಹಾರ ಹೇಳಿದ್ರಲ್ಲ, ನಿಮ್ಮ ಗಾಂಧಾರಕ್ಕೆ ಎಂತಾದ್ರೂ ಹೇಳಿದ್ರಾ?"

ನನಗೆ ನಿಜಕ್ಕೂ ನೋವಾಯಿತು. ಮೂರು ತಿಂಗಳು ಬಿಸಿಲಲ್ಲಿ ಕುಳಿತವನು ನಾನು. "ಹಾಗಾದರೆ ಎಲ್ಲಿದೆ ಆ ನಿನ್ನ ಗಾಂಧಾರ, ತೋರಿಸು ನೋಡೋಣ," ಎಂದು ಸಿಡುಕಿದೆ.

ಅವಳು ಕೈ ಒರೆಸಿಕೊಂಡು, ಕಣ್ಣು ಮುಚ್ಚಿ, ಸ ರಿ ಗ ಎಂದು ಹಾಡಿ ಗಾಂಧಾರದಲ್ಲಿ ನಿಂತಳು. ನಾನು ಅದೇ ಸ್ವರಕ್ಕೆ ಬೆರಳಿಟ್ಟು ಕಮಾನು ಎಳೆದೆ. ಎರಡೂ ಒಟ್ಟಿಗೆ ಕೇಳಿಸಿದವು: ಅವಳದು ಗಾಂಧಾರ, ನನ್ನದು ಅದರ ಪಕ್ಕದ ಮನೆ. ನನ್ನ ಕಿವಿ ಅಷ್ಟೇನೂ ಕೆಟ್ಟದ್ದಲ್ಲ ಎಂಬುದು ಆಗಲೇ ನನಗೆ ಖಾತ್ರಿಯಾದದ್ದು. ಯಾರೂ ಹೇಳದಿದ್ದರೂ ಎರ್ಹು ಎತ್ತಿಕೊಂಡು ಅಗಾಸಿಯ ಮೆಟ್ಟಿಲು ಹತ್ತಿದೆ.